ಹಳೇ ಬೇಸ್‌ಬಾಲ್ ಕಾರ್ಡ್ ಸೆಟ್: ಆನ್‌ಲೈನ್‌ನಲ್ಲಿ ಕೊಂಡು ಪೂರ್ತಿ ಮಾಡುವ ಬಗೆ

ಹಳೇ ಕಾರ್ಡ್ ಸೆಟ್, ಅಂದರೆ ಒಂದು ಕಂಪನಿ ಒಂದು ವರ್ಷ ಬಿಟ್ಟ ಆಟಗಾರರ ಚಿತ್ರದ ಕಾರ್ಡ್‌ಗಳನ್ನೆಲ್ಲ, ಕೂಡಿಸಲು ಹೊರಟವರ ಕಣ್ಣು ಮೊದಲು ಬೀಳುವುದು ದೊಡ್ಡ ಆಟಗಾರರ ಮೇಲೆ. ಮಿಕಿ ಮ್ಯಾಂಟಲ್, ವಿಲ್ಲಿ ಮೇಸ್, ರಾಬರ್ಟೊ ಕ್ಲೆಮೆಂಟೆ. ಆದರೆ ಸೆಟ್ ಅರ್ಧಕ್ಕೆ ನಿಲ್ಲುವುದು ಇವರಿಂದಲ್ಲ. ಮ್ಯಾಂಟಲ್ ಕಾರ್ಡ್ ಯಾವತ್ತು ಹುಡುಕಿದರೂ ಹತ್ತಾರು ಮಾರಾಟಕ್ಕಿರುತ್ತವೆ. ದುಡ್ಡು ಕೂಡಿಸಿಕೊಂಡರೆ ಆಯಿತು. ಸೆಟ್ ನಿಲ್ಲಿಸುವುದು ಯಾರೂ ಹೆಸರು ಕೇಳಿರದ ಆಟಗಾರರ ಕಾರ್ಡ್‌ಗಳು. ಎರಡು ಡಾಲರ್ ಕಾರ್ಡ್‌ಗೆ ನಾಲ್ಕು ಡಾಲರ್ ಅಂಚೆ ಖರ್ಚು ಕೊಟ್ಟು ಕೊಟ್ಟು ಬೇಸರ ಬರುತ್ತದೆ. ಒಂದು ಕಾರ್ಡ್ ಚೊಕ್ಕ, ಪಕ್ಕದ್ದು ಮಡಚಿದ್ದು, ಹೀಗಾಗಿ ಆಲ್ಬಮ್ ತೆರೆದರೆ ಖುಷಿಯೇ ಆಗುವುದಿಲ್ಲ. ಕೊನೇ ಸರಣಿಯ, ಅಂದರೆ ವರ್ಷದ ಕೊನೇ ಕಂತಿನ, ಕಾರ್ಡ್‌ಗಳಂತೂ ಕೈಗೆ ಸಿಗುವುದೇ ಕಷ್ಟ. ಈ ಮೂರನ್ನೂ ಮೊದಲೇ ಲೆಕ್ಕಕ್ಕೆ ತೆಗೆದುಕೊಂಡರೆ 600 ಕಾರ್ಡ್‌ಗಳ ಸೆಟ್ ಕೂಡ ಕೂತಲ್ಲೇ ಪೂರ್ತಿ ಮಾಡಬಹುದು.

ಇಲ್ಲಿ ಹೇಳುವುದೆಲ್ಲ ಮುಖ್ಯವಾಗಿ ಅಮೆರಿಕದ ಟಾಪ್ಸ್ ಕಂಪನಿ 1950ರಿಂದ 1970ರ ದಶಕದವರೆಗೆ ಚ್ಯೂಯಿಂಗ್ ಗಮ್ ಜೊತೆ ಮಾರಿದ ಬೇಸ್‌ಬಾಲ್ ಕಾರ್ಡ್‌ಗಳ ಬಗ್ಗೆ. ಉದಾಹರಣೆಗೆ 1967ರ ಸೆಟ್ ಅನ್ನು ಹಿಡಿದುಕೊಳ್ಳುತ್ತೇನೆ. ದೊಡ್ಡ ಫೋಟೊ, ಸುತ್ತ ಬಿಳಿ ಅಂಚು, ಕೆಳಗೆ ಬಣ್ಣದ ಅಕ್ಷರಗಳಲ್ಲಿ ತಂಡದ ಹೆಸರು, ಫೋಟೊ ಮೇಲೆ ಅಚ್ಚಾದ ಸಹಿ. ನನ್ನ ಕಣ್ಣಿಗೆ ಆ ದಶಕದ ಅತಿ ಚೆಂದದ ಸೆಟ್ ಅದು.

ಯಾವ ಸೆಟ್ ಆರಿಸಬೇಕು

ಮೊದಲು ಕಾರ್ಡ್‌ಗಳ ಸಂಖ್ಯೆ ನೋಡಿ. 1956ರ ಟಾಪ್ಸ್ ಸೆಟ್‌ನಲ್ಲಿ 340 ನಂಬರ್‌ಗಳಿವೆ. 1967ರಲ್ಲಿ 609. 1972ಕ್ಕೆ ಬಂದರೆ 787. ಸಂಖ್ಯೆ ಹೆಚ್ಚಿದಂತೆ ಅಗ್ಗದ ಕಾರ್ಡ್‌ಗಳ ಒಟ್ಟು ಖರ್ಚೂ ಏರುತ್ತದೆ. ಜೊತೆಗೆ ಹುಡುಕುವ ಕೆಲಸವೂ.

ಆಮೇಲೆ ನೋಡಬೇಕಾದದ್ದು ಸರಣಿ. 1973ರವರೆಗೆ ಟಾಪ್ಸ್ ಕಂಪನಿ ಇಡೀ ಸೆಟ್ ಅನ್ನು ಒಟ್ಟಿಗೆ ಬಿಡುತ್ತಿರಲಿಲ್ಲ. ವಸಂತದಿಂದ ಶುರುಮಾಡಿ ಕಂತು ಕಂತಾಗಿ ಅಂಗಡಿಗೆ ಕಳಿಸುತ್ತಿತ್ತು. ಕೊನೇ ಕಂತು ಬರುವ ಹೊತ್ತಿಗೆ ಬೇಸಿಗೆ ಮುಗಿಯುತ್ತಿತ್ತು, ಮಕ್ಕಳ ಮನಸ್ಸು ಫುಟ್‌ಬಾಲ್ ಕಡೆ ತಿರುಗಿರುತ್ತಿತ್ತು. ಅಂಗಡಿಯವರೂ ಕಡಿಮೆ ತರಿಸುತ್ತಿದ್ದರು. ಅದಕ್ಕೇ ಆ ಕೊನೇ ಕಂತಿನ ಕಾರ್ಡ್‌ಗಳು, ಅಂದರೆ ಸಂಗ್ರಹಕಾರರು ಹೈ ನಂಬರ್ ಎನ್ನುವ ಕಾರ್ಡ್‌ಗಳು, ಇವತ್ತಿಗೂ ವಿರಳ. 1952ರ ಸೆಟ್‌ನ ಕಥೆ ಎಲ್ಲಕ್ಕಿಂತ ವಿಪರೀತ. ಅದರಲ್ಲಿ 407 ಕಾರ್ಡ್‌ಗಳು, 311ರಿಂದ 407ರವರೆಗೆ ಹೈ ನಂಬರ್. ಸರಣಿ ಶುರುವಾಗುವುದೇ ಮ್ಯಾಂಟಲ್‌ನಿಂದ. ಮಾರಾಟವಾಗದೆ ಉಳಿದ ಆ ಪೆಟ್ಟಿಗೆಗಳನ್ನು 1960ರಲ್ಲಿ ನ್ಯೂಯಾರ್ಕ್ ಬಳಿ ಸಮುದ್ರಕ್ಕೆ ಸುರಿಸಿದ್ದಾಗಿ ಆ ಕಾರ್ಡ್‌ಗಳನ್ನು ರೂಪಿಸಿದ ಸೈ ಬರ್ಗರ್ ಅವರೇ ಹೇಳುತ್ತಿದ್ದರು. 1974ರಿಂದ ಟಾಪ್ಸ್ ಸೆಟ್‌ಗಳು ಒಂದೇ ಸಲಕ್ಕೆ ಬಂದವು, ಹಾಗಾಗಿ 1974 ಅಥವಾ 1975ರ 660 ಕಾರ್ಡ್‌ಗಳ ಸೆಟ್ ಮೊದಲ ಪ್ರಯತ್ನಕ್ಕೆ ಒಳ್ಳೇದು. ಹೈ ನಂಬರ್ ತಾಪತ್ರಯವೇ ಇಲ್ಲ.

ವಿನ್ಯಾಸವನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ. 1971ರ ಸೆಟ್‌ನ ಅಂಚು ಕಪ್ಪು. ಮುಟ್ಟಿದರೆ ಸಾಕು ಮೂಲೆಯಲ್ಲಿ ಬಿಳಿ ಕಾಣಿಸಿಕೊಳ್ಳುತ್ತದೆ. ಚೊಕ್ಕ ಪ್ರತಿಗಳಿಗೆ ಬೆಲೆ ಜಾಸ್ತಿ. ಬಿಳಿ ಅಂಚಿನ ಸೆಟ್‌ಗಳು ಅಷ್ಟು ಕಾಡುವುದಿಲ್ಲ.

ಕೊನೆಗೆ ಒಂದು ಮಾತು. ಬೆಲೆ ಏರುತ್ತದೆ ಎಂದು ಸೆಟ್ ಆರಿಸಬೇಡಿ. ನೂರಾರು ಸಂಜೆ ಅದೇ ಕಾರ್ಡ್‌ಗಳ ಮುಖ ನೋಡುತ್ತಾ ಕೂರಬೇಕಾದವರು ನೀವು. ಕಣ್ಣಿಗೆ ಹಿಡಿಸದ ಸೆಟ್ ಪೂರ್ತಿಯಾಗುವುದಿಲ್ಲ.

ಸೆಟ್ ಅನ್ನು ಮೊದಲು ಕಾಗದದ ಮೇಲೆ ತಿಳಿಯಿರಿ

ಒಂದು ಕಾರ್ಡ್ ಕೊಳ್ಳುವ ಮುಂಚೆಯೇ ಸ್ಪ್ರೆಡ್‌ಶೀಟ್ ತೆರೆಯಿರಿ. ನಂಬರ್, ಆಟಗಾರ, ಸರಣಿ, ಇದೆಯೋ ಇಲ್ಲವೋ, ಕಂಡಿಷನ್, ಕೊಟ್ಟ ಬೆಲೆ, ಬದಲಿಸಬೇಕೇ. ಇಷ್ಟು ಕಾಲಮ್ ಸಾಕು. ಕೊಟ್ಟ ಬೆಲೆ ಎಂದರೆ ಅಂಚೆ ಖರ್ಚು ಸೇರಿಸಿ ಬರೆಯಿರಿ. ಪಟ್ಟಿ ಬೇಕಿದ್ದರೆ ಟ್ರೇಡಿಂಗ್ ಕಾರ್ಡ್ ಡೇಟಾಬೇಸ್ ಎಂಬ ತಾಣದಲ್ಲಿ ಪ್ರತಿ ಸೆಟ್‌ನದ್ದೂ ಸಿಗುತ್ತದೆ. ಅಲ್ಲೇ ನಿಮ್ಮ ಬಳಿ ಇರುವುದು, ಬೇಕಾಗಿರುವುದು ಎಂದು ಗುರುತೂ ಹಾಕಬಹುದು.

1967ರ ಸೆಟ್‌ನಲ್ಲಿ ಏಳು ಸರಣಿಗಳು: 1–109, 110–196, 197–283, 284–370, 371–457, 458–533, 534–609. ಕೊನೆಯದ್ದೇ ಹೈ ನಂಬರ್. ಟಾಮ್ ಸೀವರ್ ಅವರ ಮೊದಲ ಕಾರ್ಡ್ 581, ರಾಡ್ ಕ್ಯಾರೂ ಅವರದ್ದು 569, ಬ್ರೂಕ್ಸ್ ರಾಬಿನ್ಸನ್ 600. ಮೂರೂ ಇದೇ ಸರಣಿಯಲ್ಲಿ ಬಂದು ಕೂತಿವೆ. ಮೊದಲೇ ವಿರಳ, ಅದರ ಮೇಲೆ ದೊಡ್ಡ ಹೆಸರು. ಬಜೆಟ್‌ನ ಭಾರ ಎಲ್ಲಿ ಬೀಳುತ್ತದೆ ಎಂದು ಇಲ್ಲೇ ಗೊತ್ತಾಗುತ್ತದೆ ಅಲ್ವಾ. ಮ್ಯಾಂಟಲ್ ಮಾತ್ರ 150ನೇ ನಂಬರ್, ಸುಲಭವಾಗಿ ಸಿಗುವ ಎರಡನೇ ಸರಣಿ.

ಒಂದೇ ಸರಣಿಯೊಳಗೂ ಕೆಲವು ಕಾರ್ಡ್‌ಗಳು ಇನ್ನೂ ವಿರಳ. ಅದಕ್ಕೆ ಕಾರಣ ಅಚ್ಚಿನ ಹಾಳೆ. 1960ರ ದಶಕದಲ್ಲಿ ಒಂದು ಹಾಳೆಗೆ 132 ಕಾರ್ಡ್: ಸಾಲಿಗೆ 11ರಂತೆ 12 ಸಾಲು. ಎರಡು ಹಾಳೆ ಸೇರಿದರೆ 24 ಸಾಲು. ಸರಣಿಯಲ್ಲಿ 88 ಕಾರ್ಡ್ ಇದ್ದರೆ ಎಂಟು ಸಾಲು ತಲಾ ಮೂರು ಸಲ, ಲೆಕ್ಕ ಸರಿ. 77 ಇದ್ದರೆ ಏಳು ಸಾಲು ಮೂರು ಸಲ ಬಂದಾಗ 21 ಆಯಿತು, ಇನ್ನೂ ಮೂರು ಸಾಲಿಗೆ ಜಾಗ ಉಳಿಯಿತು. ಅಲ್ಲಿ ಯಾವುದಾದರೂ ಮೂರು ಸಾಲನ್ನು ಮತ್ತೊಮ್ಮೆ ತುಂಬುತ್ತಿದ್ದರು. ಆ ಸಾಲಿನ ಕಾರ್ಡ್‌ಗಳು ನಾಲ್ಕು ಅಚ್ಚಾದರೆ ಉಳಿದವು ಮೂರೇ. ಹೀಗೆ ಕಡಿಮೆ ಅಚ್ಚಾದವಕ್ಕೆ ಶಾರ್ಟ್ ಪ್ರಿಂಟ್ ಎನ್ನುತ್ತಾರೆ. ಮಾರುವವರು ಪಟ್ಟಿಯಲ್ಲಿ ಎಸ್‌ಪಿ ಎಂದು ಬರೆದಿರುತ್ತಾರೆ. ಬೆಲೆ ಏರಿಸಲು ಸುಮ್ನೆ ಬರೆಯುವವರೂ ಇದ್ದಾರೆ, ಹಾಗಾಗಿ ಯಾವ ನಂಬರ್‌ಗಳು ನಿಜಕ್ಕೂ ಎಸ್‌ಪಿ ಎಂಬುದು ನಿಮ್ಮ ಪಟ್ಟಿಯಲ್ಲೇ ಇರಲಿ.

ಇರದ ಕಾರ್ಡ್ ಹುಡುಕುವ ಪಾಡೂ ಬರಬಾರದು. 1953ರ ಟಾಪ್ಸ್‌ನಲ್ಲಿ ನಂಬರ್ 280ರವರೆಗೆ ಇದೆ, ಬಂದ ಕಾರ್ಡ್ ಮಾತ್ರ 274. 1955ರಲ್ಲಿ 210ರವರೆಗೆ ನಂಬರ್, ಕಾರ್ಡ್ 206. 1958ರಲ್ಲಿ 145ನೇ ನಂಬರ್ ಬರಲೇ ಇಲ್ಲ. 1961ರಲ್ಲಿ 463 ಎಂಬ ನಂಬರ್ ಎರಡು ಕಾರ್ಡ್‌ಗಳ ಮೇಲಿದೆ, 426 ಯಾವುದರ ಮೇಲೂ ಇಲ್ಲ. ಇನ್ನೂ ಹಿಂದೆ ಹೋದರೆ ಗೌಡಿ ಎಂಬ ಕಂಪನಿಯ 1933ರ ಸೆಟ್‌ನ 106ನೇ ಕಾರ್ಡ್, ನಪೋಲಿಯನ್ ಲಾಜೊಯ್, ಆ ವರ್ಷ ಯಾವ ಪೊಟ್ಟಣದಲ್ಲೂ ಇರಲಿಲ್ಲ. ಕಾಗದ ಬರೆದು ಕೇಳಿದವರಿಗೆ ಕಂಪನಿ 1934ರಲ್ಲಿ ಅಚ್ಚು ಹಾಕಿಸಿ ಕಳಿಸಿತು. ಆ ಸೆಟ್ ಕೈಗೆತ್ತಿಕೊಳ್ಳುವವರು ಆ ಒಂದು ಕಾರ್ಡ್ ಬೇಕೋ ಬೇಡವೋ ಎಂದು ಮೊದಲ ದಿನವೇ ತೀರ್ಮಾನಿಸಬೇಕು.

ಸಣ್ಣಪುಟ್ಟ ವ್ಯತ್ಯಾಸಗಳ ವಿಚಾರವೂ ಹಾಗೇ. 1967ರಲ್ಲಿ 26ನೇ ನಂಬರಿನ ಬಾಬ್ ಪ್ರಿಡಿ ಮತ್ತು 86ನೇ ನಂಬರಿನ ಮೈಕ್ ಮೆಕಾರ್ಮಿಕ್ ಕಾರ್ಡ್‌ಗಳ ಹಿಂಬದಿಯಲ್ಲಿ ತಂಡ ಬದಲಾದ ಸಾಲು ಇರುವ ಪ್ರತಿಯೂ ಇದೆ, ಇಲ್ಲದ ಪ್ರತಿಯೂ ಇದೆ. ಮೂಲ ಸೆಟ್‌ಗೆ ಯಾವುದಾದರೊಂದು ಸಾಕು. ಎರಡೂ ಬೇಕು ಅನ್ನಿಸಿದರೆ ಸೆಟ್ ಮುಗಿದ ಮೇಲೆ ನೋಡಿಕೊಳ್ಳಿ.

ಕಂಡಿಷನ್: ಇದೊಂದು ನಿರ್ಧಾರ ಗಟ್ಟಿಯಾಗಿರಲಿ

ಹಳೇ ಕಾರ್ಡ್‌ಗಳ ಕಂಡಿಷನ್ ಹೇಳಲು ಒಂದು ಏಣಿ ಇದೆ. ಕೆಳಗಿನಿಂದ ಪೂರ್, ಫೇರ್, ಗುಡ್, ವೆರಿ ಗುಡ್, ಎಕ್ಸಲೆಂಟ್, ನಿಯರ್ ಮಿಂಟ್, ಮಿಂಟ್. ನಡುನಡುವೆ ಅರ್ಧ ಮೆಟ್ಟಿಲುಗಳೂ ಇವೆ. ಕಾರ್ಡ್ ಪರೀಕ್ಷಿಸಿ, ಅಂಕ ಕೊಟ್ಟು, ಪ್ಲಾಸ್ಟಿಕ್ ಕವಚದಲ್ಲಿ ಮುಚ್ಚಿಕೊಡುವ ಗ್ರೇಡಿಂಗ್ ಕಂಪನಿಗಳಾದ ಪಿಎಸ್‌ಎ, ಎಸ್‌ಜಿಸಿ ಇದನ್ನೇ 1ರಿಂದ 10ರ ಅಂಕದಲ್ಲಿ ಹೇಳುತ್ತವೆ. ಗುಡ್ ಎಂದರೆ 2, ವೆರಿ ಗುಡ್ 3, ಎಕ್ಸಲೆಂಟ್ 5, ನಿಯರ್ ಮಿಂಟ್ 7. ಗುಡ್ ಎಂಬ ಹೆಸರು ಕೇಳಿ ಮೋಸ ಹೋಗಬೇಡಿ. ಅದರಲ್ಲಿ ಮೂಲೆ ದುಂಡಗಾಗಿರುತ್ತದೆ, ಮಡಚಿದ ಗೀಟೂ ಇರಬಹುದು.

ನನ್ನ ಸಲಹೆ: ವೆರಿ ಗುಡ್‌ನಿಂದ ಎಕ್ಸಲೆಂಟ್ ನಡುವೆ ಇರಿ. ಮೂಲೆ ಸ್ವಲ್ಪ ಸವೆದಿರಲಿ, ಮುಖ ಸ್ವಚ್ಛವಾಗಿರಲಿ, ಎದ್ದು ಕಾಣುವ ಮಡಿಕೆ ಬೇಡ. ಒಂದು ಕಾಲದಲ್ಲಿ ಮಕ್ಕಳ ಕೈಯಲ್ಲಿ ಓಡಾಡಿದ ವಸ್ತು ಹೇಗಿರಬೇಕೋ ಹಾಗಿರುತ್ತವೆ. ಬೆಲೆಯೂ ಕೈಗೆಟಕುತ್ತದೆ. ನಿಯರ್ ಮಿಂಟ್‌ಗೆ ಹೋದರೆ ಒಂದೊಂದು ಹೈ ನಂಬರ್ ಕಾರ್ಡ್‌ಗೂ ತಿಂಗಳುಗಟ್ಟಲೆ ಕಾಯಬೇಕು.

ಯಾವ ದೋಷ ಒಪ್ಪಿಗೆ, ಯಾವುದು ಒಪ್ಪಿಗೆಯಿಲ್ಲ ಎಂದು ಬರೆದಿಟ್ಟುಕೊಳ್ಳಿ. ನನ್ನದು ಹೀಗಿದೆ. ಮೂಲೆ ಮೊಂಡಾದರೆ ಸೈ. ಫೋಟೊ ಅಂಚಿನೊಳಗೆ ಒಂದು ಕಡೆಗೆ ವಾಲಿದ್ದರೂ ನಡೆಯುತ್ತದೆ. ಹಿಂಬದಿಯಲ್ಲಿ ಗಮ್ ಕಲೆ ಇದ್ದರೆ ಪರವಾಗಿಲ್ಲ. ಆದರೆ ಪೆನ್ ಗುರುತು, ಪಿನ್ ತೂತು, ಟೇಪ್ ಕಲೆ, ಕಿತ್ತುಹೋದ ಕಾಗದ ಬೇಡವೇ ಬೇಡ. ನಿಮ್ಮ ಪಟ್ಟಿ ಬೇರೆ ಇರಬಹುದು. ಪಟ್ಟಿ ಅಂತ ಒಂದಿರಬೇಕು, ಅಷ್ಟೇ. ಇಲ್ಲದಿದ್ದರೆ ಅಗ್ಗಕ್ಕೆ ಸಿಕ್ಕಿತು ಎಂದು ಕೊಂಡ ಕಾರ್ಡ್ ಅನ್ನೇ ಮುಂದೆ ಮತ್ತೆ ಕೊಳ್ಳಬೇಕಾಗುತ್ತದೆ.

ಸೆಟ್‌ನ ಕಾರ್ಡ್‌ಗಳ ಪಟ್ಟಿಯನ್ನೇ ಅಚ್ಚು ಹಾಕಿದ ಚೆಕ್‌ಲಿಸ್ಟ್ ಕಾರ್ಡ್‌ಗಳು ಇಲ್ಲಿ ವಿಶೇಷ ಜಾತಿ. ಆಗಿನ ಮಕ್ಕಳು ತಮ್ಮಲ್ಲಿರುವ ಕಾರ್ಡ್‌ಗೆ ಪೆನ್ಸಿಲ್‌ನಲ್ಲಿ ಗುರುತು ಹಾಕಲೆಂದೇ ಬಂದವು ಅವು. ಹಾಗಾಗಿ ಗುರುತು ಹಾಕದ ಪ್ರತಿ ಕಡಿಮೆ. ಖಾಲಿ ಚೌಕಗಳಿರುವ ಚೆಕ್‌ಲಿಸ್ಟ್ ನಿಮ್ಮ ಕಂಡಿಷನ್‌ನಲ್ಲಿ ಸಿಕ್ಕರೆ ಎರಡನೇ ಸಲ ಯೋಚಿಸಬೇಡಿ. ಫೋಟೊದಲ್ಲಿ ಎರಡೂ ಬದಿ ನೋಡಲೇಬೇಕು. ಒರೆಸಿದ ಪೆನ್ಸಿಲ್ ಗೀಟು ಓರೆ ಬೆಳಕಿನಲ್ಲಿ ಕಾಣುತ್ತದೆ.

ಲಾಟ್‌ನಿಂದ ಶುರು ಮಾಡಿ

600 ಕಾರ್ಡ್‌ಗಳನ್ನು ಒಂದೊಂದಾಗಿ ಕೊಳ್ಳುವುದು ದಂಡ. ಮೊದಲ ಖರೀದಿ ದೊಡ್ಡ ಲಾಟ್, ಅಂದರೆ ಒಟ್ಟಿಗೆ ಮಾರುವ ಕಾರ್ಡ್‌ಗಳ ಗುಂಪು, ಆಗಿರಲಿ. 200, 300 ಬೇರೆ ಬೇರೆ ಕಾರ್ಡ್ ಇರುವಂಥದ್ದು. ಹುಡುಕುವಾಗ ವರ್ಷ ಮತ್ತು ಕಂಪನಿ ಹೆಸರಿನ ಜೊತೆ ಲಾಟ್, ಸ್ಟಾರ್ಟರ್ ಸೆಟ್, ಪಾರ್ಷಿಯಲ್ ಸೆಟ್ ಎಂಬ ಮೂರೂ ಪದಗಳನ್ನು ಬೇರೆ ಬೇರೆಯಾಗಿ ಕೊಟ್ಟು ನೋಡಿ.

ಲಾಟ್ ನೋಡುವಾಗ ಮೂರು ಪ್ರಶ್ನೆ ಕೇಳಿ. ಪುನರಾವರ್ತನೆ ಎಷ್ಟು? ಯಾವ ಸರಣಿಯಿಂದ ಎಷ್ಟು? ದೊಡ್ಡ ಆಟಗಾರರನ್ನು ಮೊದಲೇ ತೆಗೆದಿದ್ದಾರೆಯೇ? ನಂಬರ್‌ಗಳ ಪಟ್ಟಿ ಕೊಡದ ಲಾಟ್‌ನಲ್ಲಿ ಸಾಮಾನ್ಯವಾಗಿ ಮೊದಲ ಸರಣಿಗಳ ಕಾರ್ಡ್‌ಗಳೇ ತುಂಬಿರುತ್ತವೆ. ಅದೇನೂ ಕೆಟ್ಟದ್ದಲ್ಲ, ಕೊಡುವ ಬೆಲೆ ಅದಕ್ಕೆ ತಕ್ಕಂತಿರಲಿ. ಒಟ್ಟು ಬೆಲೆಗೆ ಅಂಚೆ ಖರ್ಚು ಸೇರಿಸಿ, ನಿಮಗೆ ನಿಜಕ್ಕೂ ಬೇಕಾದ ಕಾರ್ಡ್‌ಗಳ ಸಂಖ್ಯೆಯಿಂದ ಭಾಗಿಸಿ. ಡಬಲ್ ಆದವನ್ನು, ಹರಿದವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಆಗ ಬರುವ ಬೆಲೆ ಬಿಡಿ ಕಾರ್ಡ್ ಬೆಲೆಗಿಂತ ಸಾಕಷ್ಟು ಕಡಿಮೆ ಇದ್ದರೆ ಮಾತ್ರ ತೆಗೆದುಕೊಳ್ಳಿ.

ಒಂದು ದೊಡ್ಡ ಲಾಟ್ ಸಾಕು, ಹೆಚ್ಚೆಂದರೆ ಎರಡು. ಮೂರನೆಯದ್ದು ತಂದರೆ ಅರ್ಧಕ್ಕಿಂತ ಜಾಸ್ತಿ ಕಾರ್ಡ್ ನಿಮ್ಮಲ್ಲಿ ಆಗಲೇ ಇರುತ್ತವೆ.

ಬಿಡಿ ಕಾರ್ಡ್‌ಗಳು ಮತ್ತು ಅಂಚೆ ಖರ್ಚಿನ ಲೆಕ್ಕ

ಈಗ 300 ಕಾರ್ಡ್ ಬಾಕಿ ಇವೆ ಅಂದುಕೊಳ್ಳಿ. ಒಂದೊಂದಕ್ಕೆ ಎರಡು ಡಾಲರ್, ಅಂಚೆಗೆ ಒಂದೂವರೆ ಡಾಲರ್. ಒಂದೊಂದಾಗಿ ಕೊಂಡರೆ ಕಾರ್ಡ್‌ಗೆ 600, ಅಂಚೆಗೆ 450. ಅದೇ 300 ಕಾರ್ಡ್‌ಗಳನ್ನು 20ರ ಗುಂಪಾಗಿ ತರಿಸಿ, ಪ್ರತಿ ಪಾರ್ಸಲ್‌ಗೆ ಐದು ಡಾಲರ್ ಕೊಟ್ಟರೆ ಅಂಚೆ ಖರ್ಚು 75. ಉಳಿದ 375 ಡಾಲರ್‌ನಲ್ಲಿ ಒಳ್ಳೆಯ ಹೈ ನಂಬರ್‌ಗಳು ಬರುತ್ತವೆ. ಸೆಟ್ ಕೂಡಿಸುವುದರಲ್ಲಿ ಇಷ್ಟು ಸುಲಭವಾಗಿ ಉಳಿಯುವ ದುಡ್ಡು ಬೇರೆಲ್ಲೂ ಇಲ್ಲ.

ಆದ್ದರಿಂದ ಕಾರ್ಡ್‌ಗಿಂತ ಮೊದಲು ಮಾರುವವರನ್ನು ಹುಡುಕಿ. ಇಬೇ ಎಂಬ ಮಾರಾಟ ತಾಣದಲ್ಲಿ ನಿಮ್ಮ ಸೆಟ್‌ನ ಯಾವುದಾದರೂ ಮಾಮೂಲಿ ಕಾರ್ಡ್ ತೆರೆಯಿರಿ. ಆ ಮಾರುವವರ ಬಳಿ ಇರುವ ಬೇರೆ ಕಾರ್ಡ್‌ಗಳಲ್ಲಿ ಅದೇ ವರ್ಷವನ್ನು ಹುಡುಕಿ. ಕೆಲವರ ಬಳಿ ಒಂದೇ ವರ್ಷದ ನೂರಾರು ಕಾರ್ಡ್ ಇರುತ್ತವೆ. ಒಟ್ಟಿಗೆ ಕಳಿಸುವ ನಿಯಮ ಏನು ಎಂದು ಓದಿ. ಎಲ್ಲವನ್ನೂ ಕಾರ್ಟ್‌ಗೆ ಹಾಕಿ ಒಟ್ಟು ಬಿಲ್ ಕೇಳಿ. ಅರ್ಥವಾಗದಿದ್ದರೆ ದುಡ್ಡು ಕಟ್ಟುವ ಮೊದಲೇ ಮೆಸೇಜ್ ಮಾಡಿ. ಹೀಗೆ ಬರೆದರೆ ಸಾಕು: "ನಿಮ್ಮ ಬಳಿ 1967ರ ಟಾಪ್ಸ್ ಕಾರ್ಡ್‌ಗಳು ತುಂಬಾ ಇವೆ. ನನಗೆ ಬೇಕಾದ ನಂಬರ್‌ಗಳ ಪಟ್ಟಿ ಕೆಳಗಿದೆ. ಸಾಧಾರಣ ಕಂಡಿಷನ್ ಆದರೂ ಸರಿ, ಮಡಿಕೆ ಮತ್ತು ಪೆನ್ ಗುರುತು ಇರಬಾರದು. ಇಪ್ಪತ್ತಕ್ಕಿಂತ ಜಾಸ್ತಿ ತೆಗೆದುಕೊಂಡರೆ ಒಟ್ಟು ಬೆಲೆ ಎಷ್ಟಾಗುತ್ತದೆ ಹೇಳುತ್ತೀರಾ?" ಪಟ್ಟಿಗೆ ಹಾಕದ ಕಾರ್ಡ್‌ಗಳನ್ನೂ ಡಬ್ಬದಿಂದ ತೆಗೆದು ತೋರಿಸುವ ಒಳ್ಳೆಯ ವ್ಯಾಪಾರಿಗಳು ಹೀಗೇ ಸಿಗುವುದು. ಅಂಥವರು ಸಿಕ್ಕರೆ ಬಿಡಬೇಡಿ.

ಸಿಒಎಂಸಿ ಎಂಬ ಇನ್ನೊಂದು ತಾಣ ಸೆಟ್ ಕೂಡಿಸುವವರಿಗೆ ತುಂಬಾ ಅನುಕೂಲ. ಬೇರೆ ಬೇರೆಯವರು ತಮ್ಮ ಕಾರ್ಡ್‌ಗಳನ್ನು ಅವರ ಗೋದಾಮಿಗೆ ಕಳಿಸಿರುತ್ತಾರೆ. ಪ್ರತಿ ಕಾರ್ಡ್‌ಗೂ ಎರಡೂ ಬದಿಯ ಸ್ಕ್ಯಾನ್ ಇರುತ್ತದೆ. ಹತ್ತು ಜನರಿಂದ ಕೊಂಡರೂ ಕಾರ್ಡ್‌ಗಳು ಅಲ್ಲೇ ನಿಮ್ಮ ಹೆಸರಿನಲ್ಲಿ ಕೂತಿರುತ್ತವೆ. ಸಾಕಷ್ಟು ಸೇರಿದ ಮೇಲೆ ಒಂದೇ ಪಾರ್ಸಲ್‌ನಲ್ಲಿ ತರಿಸಿಕೊಳ್ಳಬಹುದು.

ಬೆಲೆ ಗೊತ್ತು ಮಾಡಿಕೊಳ್ಳುವುದು ಹೇಗೆ? ಮಾರುವವರು ಕೇಳುವ ಬೆಲೆ ನೋಡಬೇಡಿ, ಮಾರಾಟವಾದ ಬೆಲೆ ನೋಡಿ. ಇಬೇಯಲ್ಲಿ ಸೋಲ್ಡ್ ಐಟಮ್ಸ್ ಎಂಬ ಫಿಲ್ಟರ್ ಇದೆ. ಒಂದೇ ಮಾರಾಟ ನೋಡಿ ತೀರ್ಮಾನಿಸಬೇಡಿ, ಒಂದೇ ಕಂಡಿಷನ್‌ನ ನಾಲ್ಕೈದು ನೋಡಿ. ಬೆಲೆಯ ಮೇಲೆ ಗೀಟು ಎಳೆದಿದ್ದರೆ ಚೌಕಾಸಿಯಾಗಿ ಅದಕ್ಕಿಂತ ಕಡಿಮೆಗೆ ಹೋಗಿದೆ ಎಂದರ್ಥ.

ಸರ್ಚ್‌ಗಳನ್ನು ಸೇವ್ ಮಾಡಿಡಿ. ವಿರಳ ಕಾರ್ಡ್‌ಗೆ ನಂಬರ್ ಸಮೇತ, ಉಳಿದದ್ದಕ್ಕೆ ವರ್ಷ ಮತ್ತು ಹೈ ನಂಬರ್ ಎಂಬ ಪದ. ಆಟಗಾರನ ಹೆಸರಿನ ತಪ್ಪು ಕಾಗುಣಿತವನ್ನೂ ಸೇರಿಸಿ. ಕಾರ್ಲ್ ಯಸ್ಟ್ರೆಮ್‌ಸ್ಕಿಯಂಥ ಹೆಸರನ್ನು ತಪ್ಪು ಬರೆದವರ ಪಟ್ಟಿ ಉಳಿದವರ ಕಣ್ಣಿಗೆ ಬಿದ್ದೇ ಇರುವುದಿಲ್ಲ.

ಫೋಟೊ ಓದುವುದನ್ನು ಕಲಿಯಿರಿ

ಕೈಯಲ್ಲಿ ಹಿಡಿಯದೆ ಕೊಳ್ಳುವಾಗ ಫೋಟೊವೇ ಎಲ್ಲ. ಅದನ್ನು ನಿಧಾನವಾಗಿ ನೋಡಿ. ಮೊದಲು ನಾಲ್ಕೂ ಮೂಲೆ, ಗಡಿಯಾರದ ಮುಳ್ಳಿನಂತೆ ಸುತ್ತಿ ಬನ್ನಿ. ಆಮೇಲೆ ಎಡ ಅಂಚಿನ ಅಗಲ, ಬಲ ಅಂಚಿನ ಅಗಲ, ಮೇಲೆ, ಕೆಳಗೆ. ಅಂಚು ಒಂದು ಕಡೆ ದಪ್ಪ, ಇನ್ನೊಂದು ಕಡೆ ದಾರದಷ್ಟು ಇದ್ದರೆ ಅದು ಆಫ್ ಸೆಂಟರ್. ಪಿಎಸ್‌ಎ ಕವಚದ ಮೇಲೆ ಅಂಕದ ಪಕ್ಕ ಒಸಿ ಎಂದು ಇದ್ದರೆ ಅದೇ. ಅಂಕ ದೊಡ್ಡದಿದ್ದರೂ ಬೆಲೆ ಇಳಿಯುತ್ತದೆ. ಫೋಟೊ ವಾಲಿದ್ದರೂ ಬೇಸರವಿಲ್ಲ ಎನ್ನುವವರಿಗೆ ಅಂಥವು ಒಳ್ಳೆಯ ವ್ಯಾಪಾರ.

ಸುಕ್ಕು ಮಾತ್ರ ಸ್ಕ್ಯಾನ್‌ನಲ್ಲಿ ಸಿಕ್ಕಿಬೀಳುವುದಿಲ್ಲ. ಸ್ಕ್ಯಾನರ್ ಕಾರ್ಡ್ ಅನ್ನು ಚಪ್ಪಟೆಯಾಗಿ ಒತ್ತಿ ನೇರ ಬೆಳಕು ಹಾಯಿಸುತ್ತದೆ, ತೆಳು ಸುಕ್ಕು ಮಾಯ. ಬೆಲೆ ಸ್ವಲ್ಪ ದೊಡ್ಡದಾದರೆ ಕಾರ್ಡ್ ಅನ್ನು ಓರೆ ಹಿಡಿದು, ಬೆಳಕು ಪಕ್ಕದಿಂದ ಬೀಳುವಂತೆ ಒಂದು ಫೋಟೊ ಕೇಳಿ. ಪ್ಲಾಸ್ಟಿಕ್ ಕವರ್‌ನಿಂದ ಹೊರಗೆ ತೆಗೆದೇ ಇರಲಿ. ಕವರ್ ಮೇಲಿನ ಗೀರು ಯಾವುದು, ಕಾರ್ಡ್ ಮೇಲಿನದ್ದು ಯಾವುದು ಎಂದು ಬೇರೆ ಮಾಡಲು ಆಗುವುದಿಲ್ಲ. ಹಿಂಬದಿಯ ಫೋಟೊ ಇಲ್ಲದ ಕಾರ್ಡ್ ಅನ್ನು, ಎಷ್ಟೇ ಅಗ್ಗವಾದರೂ, ಕೇಳದೆ ಕೊಳ್ಳಬೇಡಿ.

ವಿವರಣೆಯಲ್ಲಿ ನೈಸ್, ಶಾರ್ಪ್ ಎಂಬ ಮಾತುಗಳಿಗೆ ಬೆಲೆ ಇಲ್ಲ. "ಫೋಟೊ ನೋಡಿ ನೀವೇ ತೀರ್ಮಾನಿಸಿ" ಎಂದು ಬರೆದವರ ಫೋಟೊ ಮಬ್ಬಾಗಿದ್ದರೆ ಮುಂದಕ್ಕೆ ಹೋಗಿ.

ನಕಲಿ, ಕತ್ತರಿಸಿದ್ದು, ಬಣ್ಣ ಹಚ್ಚಿದ್ದು

ಎರಡು ಡಾಲರ್ ಕಾರ್ಡ್ ಅನ್ನು ಯಾರೂ ನಕಲು ಮಾಡುವುದಿಲ್ಲ. ಭಯ ಇರುವುದು ದೊಡ್ಡ ಕಾರ್ಡ್‌ಗಳಲ್ಲಿ. 1963ರ 537ನೇ ನಂಬರ್, ಪೀಟ್ ರೋಸ್ ಅವರ ಮೊದಲ ಕಾರ್ಡ್, ನಕಲಿಗೆ ಹೆಸರುವಾಸಿ.

ಕಂಪನಿಯೇ ಮಾಡಿದ ಮರುಮುದ್ರಣಗಳೂ ಇವೆ. ಟಾಪ್ಸ್ 1983ರಲ್ಲಿ 1952ರ ಸೆಟ್ ಅನ್ನು ಮತ್ತೆ ಅಚ್ಚು ಹಾಕಿತು. ಅವನ್ನು ಗುರುತಿಸಲು ಅಳತೆ ಸಾಕು. 1952ರಿಂದ 1956ರವರೆಗಿನ ಮೂಲ ಕಾರ್ಡ್‌ಗಳು 2⅝ ಇಂಚು ಅಗಲ, 3¾ ಇಂಚು ಉದ್ದ. 1957ರಿಂದ ಈಗಿನ ಅಳತೆ ಬಂತು, 2½ಕ್ಕೆ 3½. 1983ರ ಮರುಮುದ್ರಣ ಈ ಸಣ್ಣ ಅಳತೆಯದ್ದು.

ಕೈಗೆ ಬಂದ ದುಬಾರಿ ಕಾರ್ಡ್ ಅನ್ನು ಭೂತಗನ್ನಡಿಯಲ್ಲಿ ನೋಡಿ. ಹತ್ತುಪಟ್ಟು ದೊಡ್ಡದಾಗಿ ತೋರಿಸುವ ಚಿಕ್ಕ ಗಾಜು ಸಾಕು. ಅಸಲಿಯಲ್ಲಿ ಆಟಗಾರನ ಫೋಟೊ ಸಣ್ಣ ಬಣ್ಣದ ಚುಕ್ಕಿಗಳಿಂದಾಗಿರುತ್ತದೆ. ಕಪ್ಪು ಅಕ್ಷರಗಳು ಮಾತ್ರ ಗಟ್ಟಿ ಕಪ್ಪು, ಅಂಚು ಚೂಪು. ನಕಲು ಮಾಡುವವರು ಇಡೀ ಕಾರ್ಡ್‌ನ ಚಿತ್ರ ತೆಗೆದು ಅಚ್ಚು ಹಾಕುತ್ತಾರೆ. ಹಾಗಾಗಿ ಅಕ್ಷರಗಳೂ ಚುಕ್ಕಿಗಳಾಗಿ ಒಡೆದಿರುತ್ತವೆ, ಅಂಚು ಮಸುಕು. ಪಕ್ಕದಲ್ಲಿ ಅದೇ ಸೆಟ್‌ನ ಒಂದು ಅಗ್ಗದ ಕಾರ್ಡ್ ಇಟ್ಟುಕೊಂಡು ಹೋಲಿಸಿ. ರಟ್ಟಿನ ದಪ್ಪ, ಹಿಂಬದಿಯ ಬಣ್ಣ, ಕತ್ತರಿಸಿದ ಅಂಚಿನ ಒರಟುತನ ಎಲ್ಲ ಹೊಂದಬೇಕು. ಮೊದಲು ಲಾಟ್ ಕೊಳ್ಳಿ ಎಂದದ್ದಕ್ಕೆ ಇದೂ ಒಂದು ಕಾರಣ. ನೂರಾರು ಅಸಲಿ ಕಾರ್ಡ್ ಮುಟ್ಟಿದ ಬೆರಳಿಗೆ ನಕಲಿ ಥಟ್ಟನೆ ತಿಳಿಯುತ್ತದೆ.

ಮೂಲೆ ಚೂಪು ಕಾಣಲೆಂದು ಅಂಚು ಕತ್ತರಿಸಿದ ಕಾರ್ಡ್‌ಗಳನ್ನು ಹಿಡಿಯುವುದೂ ಹೀಗೇ. ನಾಲ್ಕೈದು ಕಾರ್ಡ್‌ಗಳ ನಡುವೆ ಅದನ್ನು ಇಟ್ಟು ಮೇಲಿನಿಂದ ನೋಡಿ, ತಗ್ಗಿದೆಯೇ? ಕಾರ್ಖಾನೆಯಲ್ಲೇ ಒಂದಿಷ್ಟು ಹೆಚ್ಚುಕಮ್ಮಿ ಕತ್ತರಿಸುತ್ತಿದ್ದರು, ಹಾಗಾಗಿ ತಗ್ಗಿದ್ದೆಲ್ಲ ಮೋಸವಲ್ಲ. ಒಂದು ಅಂಚು ಮಾತ್ರ ಹೊಸ ಬ್ಲೇಡಿನಿಂದ ಕೊಯ್ದಂತೆ ಹೊಳೆಯುತ್ತಿದ್ದರೆ ಅನುಮಾನಪಡಿ. 1971ರ ಕಪ್ಪು ಅಂಚಿಗೆ ಮಾರ್ಕರ್ ಹಚ್ಚುವವರಿದ್ದಾರೆ. ಕಾರ್ಡ್ ಅನ್ನು ಪಕ್ಕದಿಂದ ನೋಡಿದರೆ ರಟ್ಟಿನ ಒಳಪದರಕ್ಕೆ ಶಾಯಿ ಇಳಿದಿರುವುದು ಕಾಣುತ್ತದೆ.

ಇಷ್ಟೆಲ್ಲ ತಲೆಬಿಸಿ ಬೇಡ ಎನ್ನುವವರು ದೊಡ್ಡ ಕಾರ್ಡ್‌ಗಳನ್ನು ಪಿಎಸ್‌ಎ ಅಥವಾ ಎಸ್‌ಜಿಸಿ ಕವಚದಲ್ಲೇ ಕೊಳ್ಳಿ. 1967ರ ಸೆಟ್‌ನಲ್ಲಾದರೆ ಮ್ಯಾಂಟಲ್, ಸೀವರ್, ಕ್ಯಾರೂ ಮೂವರನ್ನೂ ನಾನು ಹಾಗೇ ಕೊಳ್ಳಿ ಎನ್ನುತ್ತೇನೆ. ಕವಚದ ನಂಬರನ್ನು ಆ ಕಂಪನಿಯ ತಾಣದಲ್ಲಿ ಹಾಕಿ ನೋಡಿ. ಅಲ್ಲಿ ಬರುವ ಕಾರ್ಡ್ ಮತ್ತು ಅಂಕ ನಿಮ್ಮ ಮುಂದಿರುವುದಕ್ಕೆ ಹೊಂದಬೇಕು.

ಯಾವುದು ಮೊದಲು

ಬಹಳ ಜನ ಅಗ್ಗದ್ದನ್ನೆಲ್ಲ ಮುಗಿಸಿ ದೊಡ್ಡದನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ಆಮೇಲೆ ಹತ್ತು ದುಬಾರಿ ಕಾರ್ಡ್ ಮುಂದೆ ನಿಂತಾಗ ಉತ್ಸಾಹ ಇಳಿಯುತ್ತದೆ. ಲಾಟ್ ಬಂದ ತಕ್ಷಣ ಹೈ ನಂಬರ್ ಮೇಲೆ ಕಣ್ಣಿಡಿ. ನಿಮ್ಮ ಕಂಡಿಷನ್‌ನಲ್ಲಿ ಸರಿಯಾದ ಬೆಲೆಗೆ ಬಂದದ್ದನ್ನೆಲ್ಲ ಆಗಲೇ ಹಿಡಿಯಿರಿ. ಮೊದಲ ಸರಣಿಗಳ ಮಾಮೂಲಿ ಕಾರ್ಡ್‌ಗಳು ಎಲ್ಲಿಗೂ ಹೋಗುವುದಿಲ್ಲ. ಹೈ ನಂಬರ್‌ನಲ್ಲೂ ಎಸ್‌ಪಿ ಮೊದಲು. 570ನೇ ನಂಬರಿನ ಮೌರಿ ವಿಲ್ಸ್‌ನಂಥ ಕಾರ್ಡ್‌ಗೆ ಸೆಟ್ ಕೂಡಿಸುವವರ ಜೊತೆ ಆಟಗಾರನ ಅಭಿಮಾನಿಗಳೂ ಪೈಪೋಟಿಗೆ ಬರುತ್ತಾರೆ. ಟಾಪ್ಸ್‌ನ ಮುಖ್ಯ ಸೆಟ್‌ನಲ್ಲಿ ಅವರು ಕಾಣಿಸಿಕೊಂಡ ಮೊದಲ ಕಾರ್ಡ್ ಅದು.

ಹರಾಜಿಗೆ ನಿಂತಾಗ ಒಂದೇ ನಿಯಮ. ಅಂಚೆ ಸೇರಿಸಿ ಎಷ್ಟಕ್ಕೆ ಬೇಕು ಎಂದು ಮೊದಲೇ ಬರೆದುಕೊಳ್ಳಿ. ಇಬೇಯಲ್ಲಿ ನಿಮ್ಮ ಗರಿಷ್ಠ ಮೊತ್ತ ಹಾಕಿದರೆ, ಎದುರಾಳಿಯನ್ನು ಮೀರಿಸಲು ಬೇಕಾದಷ್ಟೇ ಏರುತ್ತಾ ಹೋಗುತ್ತದೆ. ಅದನ್ನು ಕೊನೆಯ ಕೆಲವು ಸೆಕೆಂಡ್‌ಗಳಲ್ಲಿ ಒಂದೇ ಸಲ ಹಾಕಿ. ಮೂರು ದಿನ ಮೊದಲೇ ಹಾಕಿದರೆ ಇನ್ನೊಬ್ಬರಿಗೆ ಯೋಚಿಸಿ ಏರಿಸಲು ಸಮಯ ಕೊಟ್ಟಂತೆ. ಸೋತರೆ ಬಿಟ್ಟುಬಿಡಿ. ಇದು ಅಚ್ಚು ಹಾಕಿದ ವಸ್ತು, ಇನ್ನೊಂದು ಬಂದೇ ಬರುತ್ತದೆ.

ಪಾರ್ಸಲ್ ಬಂದ ಮೇಲೆ

ಕೊಳ್ಳುವಾಗಲೇ ಮಾರುವವರಿಗೆ ಪ್ಯಾಕಿಂಗ್ ಬಗ್ಗೆ ಒಂದು ಸಾಲು ಬರೆಯಿರಿ. ಮೆತ್ತನೆಯ ಕವರ್, ಅದರ ಮೇಲೆ ಟಾಪ್‌ಲೋಡರ್ ಎಂಬ ಗಟ್ಟಿ ಪ್ಲಾಸ್ಟಿಕ್ ಕವಚ, ಎರಡೂ ಕಡೆ ರಟ್ಟು. ಟಾಪ್‌ಲೋಡರ್ ಬಾಯಿಗೆ ಗೋಡೆಗೆ ಬಣ್ಣ ಹೊಡೆಯುವವರು ಬಳಸುವ ಕಾಗದದ ಟೇಪ್ ಹಾಕಲು ಹೇಳಿ. ಪಾರದರ್ಶಕ ಟೇಪ್ ಕೀಳುವಾಗ ಅಂಟು ಜಾರಿ ಕಾರ್ಡ್‌ಗೆ ತಗಲುತ್ತದೆ.

ಪಾರ್ಸಲ್ ಬಂದ ದಿನವೇ ಬಿಚ್ಚಿ. ಕಾರ್ಡ್ ಅನ್ನು ಮಾರಾಟದ ಫೋಟೊ ಪಕ್ಕ ಇಟ್ಟು ನೋಡಿ, ಅದೇ ಪ್ರತಿಯೇ? ಕಿಟಕಿ ಬಳಿ ಓರೆ ಹಿಡಿದು ಸುಕ್ಕು ಹುಡುಕಿ. ವಿವರಣೆಗೆ ಹೊಂದದಿದ್ದರೆ ಫೋಟೊ ಸಮೇತ ಮಾರುವವರಿಗೆ ವಿನಯವಾಗಿ ಬರೆಯಿರಿ. ಬಹುತೇಕರು ಅಲ್ಲೇ ಸರಿಮಾಡಿಕೊಡುತ್ತಾರೆ. ಆಗದಿದ್ದರೆ ಇಬೇಯ ಮನಿ ಬ್ಯಾಕ್ ಗ್ಯಾರಂಟಿ ಇದೆ. ಅದಕ್ಕೆ ಪಾರ್ಸಲ್ ಬಂದ 30 ದಿನದೊಳಗೆ ದೂರು ಕೊಡಬೇಕು. ಹತ್ತು ಪಾರ್ಸಲ್ ಕೂಡಿಸಿ ಒಟ್ಟಿಗೆ ಬಿಚ್ಚುವ ಅಭ್ಯಾಸ ಇದ್ದರೆ ಈ ಗಡುವು ಗೊತ್ತಾಗದಂತೆ ದಾಟಿಹೋಗುತ್ತದೆ.

ಆಮೇಲೆ ಪಟ್ಟಿ ತಿದ್ದಿ. ಆ ಕ್ಷಣವೇ.

ಕೊನೆಯ ಇಪ್ಪತ್ತು, ಆಮೇಲೆ

ಇಪ್ಪತ್ತು ಕಾರ್ಡ್ ಬಾಕಿ ಇರುವಾಗ ಎಲ್ಲರಿಗೂ ಅವಸರ ಬರುತ್ತದೆ. ಬರೆದಿಟ್ಟ ಕಂಡಿಷನ್ ನಿಯಮ ಮುರಿಯುವುದೂ, ದುಪ್ಪಟ್ಟು ಬೆಲೆ ಕೊಡುವುದೂ ಆಗಲೇ. ಈ ಹಂತದಲ್ಲಿ ಪಟ್ಟಿಯನ್ನು ಹಳೇ ವ್ಯಾಪಾರಿಗಳಿಗೆ ಮತ್ತೆ ಕಳಿಸಿ. ಡೇಟಾಬೇಸ್ ತಾಣದಲ್ಲಿ ಅದಲುಬದಲಿಗೆ ಸಿದ್ಧ ಇರುವವರನ್ನು ಹುಡುಕಿ. ಲಾಟ್‌ನಿಂದ ಉಳಿದ ಡಬಲ್‌ಗಳು ಈಗ ಉಪಯೋಗಕ್ಕೆ ಬರುತ್ತವೆ. ನಿಮ್ಮ ಬಳಿ ಎರಡಿರುವ ಕಾರ್ಡ್ ಇನ್ನೊಬ್ಬರ ಕೊನೆಯ ಇಪ್ಪತ್ತರಲ್ಲಿ ಒಂದಾಗಿರಬಹುದು.

ಸೆಟ್ ಪೂರ್ತಿಯಾದ ಮೇಲೆ ಕಾರ್ಡ್‌ಗಳನ್ನು ಪಿವಿಸಿ ಇಲ್ಲದ ಪುಟಗಳಲ್ಲೇ ಹಾಕಿ. ಪಿವಿಸಿ ಪುಟ ವರ್ಷಗಳು ಕಳೆದಂತೆ ಅಂಟಂಟಾಗಿ ಕಾರ್ಡ್‌ನ ಮುಖಕ್ಕೆ ಹತ್ತಿಕೊಳ್ಳುತ್ತದೆ. 1957ರ ನಂತರದ ಅಳತೆಗೆ ಒಂಬತ್ತು ಜೇಬಿನ ಪುಟ, 609 ಕಾರ್ಡ್‌ಗೆ 68 ಪುಟ ಬೇಕು. 1956ರವರೆಗಿನ ದೊಡ್ಡ ಕಾರ್ಡ್‌ಗೆ ಎಂಟು ಜೇಬಿನದ್ದು. ಆಲ್ಬಮ್ ಅನ್ನು ನೆಟ್ಟಗೆ ನಿಲ್ಲಿಸಿ, ಬಿಸಿಲು ಮತ್ತು ತೇವದಿಂದ ದೂರ ಇಡಿ. ಉಂಗುರದ ಆಲ್ಬಮ್ ಆದರೆ ಡಿ ಆಕಾರದ ಉಂಗುರ ಇರುವುದನ್ನೇ ತನ್ನಿ. ದುಂಡು ಉಂಗುರಕ್ಕೆ ಪುಟ ಸಿಕ್ಕಿಕೊಂಡು ಒಳಸಾಲಿನ ಕಾರ್ಡ್‌ಗಳು ಬಾಗುತ್ತವೆ.

ಪ್ರತಿ ಪುಟದ ಫೋಟೊ ಎರಡೂ ಬದಿಯಿಂದ ತೆಗೆದು ಸ್ಪ್ರೆಡ್‌ಶೀಟ್ ಜೊತೆ ಇಡಿ. ವಿಮೆ ಮಾಡಿಸುವಾಗ ಅದೇ ದಾಖಲೆ. "ಬದಲಿಸಬೇಕೇ" ಎಂಬ ಕಾಲಮ್‌ನಲ್ಲಿ ಹೌದು ಎಂದಿರುವವನ್ನು ಇನ್ನು ಒಂದೊಂದಾಗಿ ಬದಲಿಸುತ್ತಾ ಹೋಗಬಹುದು. ಹೊಸದು ಬಂದು ಪುಟದಲ್ಲಿ ಕೂತ ಮೇಲಷ್ಟೇ ಹಳೆಯದನ್ನು ಮಾರಾಟಕ್ಕೆ ಹಾಕಿ.